ಮಡಿಲಿನಿಂದ ಇಳಿದ ಮಗು

ನನಗೊಬ್ಬ ಅಣ್ಣನಿದ್ದ. ಅವನು ತೀರಿಕೊಂಡಾಗ ನನಗೆ ಒಂದೂವರೆ ವರ್ಷ. ಆದುದರಿಂದ ನಾನು ಅವನನ್ನು ಕಂಡಿದ್ದೇನೆ, ಆದರೆ ಕಂಡ ನೆನಪಿಲ್ಲ. ಅವನದೊಂದು ಭಾವಚಿತ್ರವೂ ಇಲ್ಲ. 1951ರಲ್ಲಿ ನಮ್ಮಂಥ ಹಳ್ಳಿಗಳಲ್ಲಿ ಭಾವಚಿತ್ರವೆಂಬುದು ಮದುವೆಯ ಸಮಯಕ್ಕೂ ದುರ್ಲಭವಾಗಿದ್ದ ವಸ್ತು. ಮೂರು ವರ್ಷ ತುಂಬದ ಕೂಸಿಗೆ ಅದೆಲ್ಲಿ ಬಂದೀತು? ಅವನ ಕುರುಹಾಗಿ ಮನೆಯಲ್ಲಿ ಉಳಿದದ್ದೆಂದರೆ, ನನ್ನ ತಾಯಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಆಡುತ್ತಿದ್ದ ಎರಡು ಮಾತು. ಒಂದು, ಕೊನೆಯ ದಿನಗಳಲ್ಲಿ ಅವನು ಮೈ ತುಂಬಿಕೊಂಡಿದ್ದನೆಂಬುದು. ಇನ್ನೊಂದು, ಹಠವೆಂಬುದನ್ನೇ ಅವನು ಅರಿಯನೆಂಬುದು. ಜಗುಲಿಯ ಕಂಬಕ್ಕೆ ಒರಗಿಸಿ ಕೂರಿಸಿ ಹೊಲಕ್ಕೆ ಹೋದರೆ, ಹೊತ್ತು ಮುಳುಗಿ ಹಿಂದಿರುಗುವವರೆಗೂ ಕೂರಿಸಿದಲ್ಲಿಯೇ ಇರುತ್ತಿದ್ದನಂತೆ. ಮಕ್ಕಳೆಂದರೆ ಹೀಗಿರಬೇಕು ಎಂದು ನೆರೆಹೊರೆಯವರು ಹೊಗಳುತ್ತಿದ್ದರಂತೆ.

ಈ ಎರಡು ಮಾತುಗಳ ನಿಜವಾದ ಅರ್ಥ ನನಗೆ ಹೊಳೆಯಲು ಬಹುಕಾಲ ಹಿಡಿಯಿತು. ಅದರ ಮೊದಲ ಸುಳಿವು ಸಿಕ್ಕಿದುದು 1968ರ ನವರಾತ್ರಿಯ ರಜೆಯಲ್ಲಿ. ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಊರಿಗೆ ಹೊರಟಾಗ ಬಸ್ಸಿನಲ್ಲಿ ಓದಲೆಂದು ಕೊಂಡ ಇಂಗ್ಲಿಷ್ ಪತ್ರಿಕೆಯೊಂದನ್ನು ಮನೆಯ ಜಗುಲಿಯ ಮೇಲೆ ಬಿಟ್ಟಿದ್ದೆ. ಅದರಲ್ಲಿ ಬಯಾಫ್ರದ ಮಕ್ಕಳ ಒಂದು ಚಿತ್ರವಿತ್ತು. ನೈಜೀರಿಯದಿಂದ ಬೇರೆಯಾಗಲು ಹೊರಟ ಆ ಪೂರ್ವ ಪ್ರಾಂತದ ಮೇಲೆ 1967ರ ಜುಲೈಯಿಂದ 1970ರ ಜನವರಿಯವರೆಗೆ ಯುದ್ಧ ನಡೆಯಿತು. ಸುತ್ತಲೂ ದಿಗ್ಬಂಧನವಾಗಿ ಒಳಗಿನ ಜನ ಅನ್ನವಿಲ್ಲದೆ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯ ಮಕ್ಕಳು. ಆ ಚಿತ್ರಗಳು ಲೋಕದ ಎಲ್ಲ ಪತ್ರಿಕೆಗಳಲ್ಲಿಯೂ ಬಂದವು. ಹಸಿವಿನ ಚಿತ್ರವೆಂದರೆ ಎಲುಬಿನ ಹಂದರವೆಂದು ನಾವು ಭಾವಿಸುತ್ತೇವೆ. ಈ ಮಕ್ಕಳಲ್ಲಿ ಕೆಲವರ ಮುಖ ಉಬ್ಬಿತ್ತು, ಕಾಲು ಊದಿತ್ತು, ತಲೆಗೂದಲು ಮಾಸಿತ್ತು.

ಓದುಬರಹ ಅರಿಯದ ನನ್ನ ತಾಯಿ ಕಸ ಗುಡಿಸಲು ಬಂದವಳು ಆ ಪತ್ರಿಕೆಯನ್ನು ಎತ್ತಿಡಲು ಬಾಗಿ, ಬಾಗಿದ ಹಾಗೆಯೇ ನಿಂತಳು.

"ಇದು ಯಾವೂರ ಮಗು?" ಎಂದಳು.

"ಆಫ್ರಿಕಾ ಅಂತ, ಬಹಳ ದೂರ ಕಣವ್ವ" ಎಂದೆ.

ಅವಳು ಚಿತ್ರದಲ್ಲಿನ ಪಾದದ ಮೇಲೆ ಬೆರಳಿಟ್ಟಳು. "ನಿಮ್ಮಣ್ಣನ ಕಾಲು ಹಿಂಗೇ ಇತ್ತು ಕಣಪ್ಪ. ಒತ್ತಿದರೆ ಬೆರಳು ಹೋದಷ್ಟು ಗುಣಿ ಬೀಳೋದು. ನಾನು ಮೈ ಬಂದದೆ ಅಂತ ತಿಳ್ಕಂಡಿದ್ದೆ."

ಚಿತ್ರದ ಕೆಳಗೆ ಕ್ವಾಶಿಯೋರ್ಕರ್ ಎಂಬ ಪದವಿತ್ತು. ನನ್ನ ಹತ್ತಿರವಿದ್ದ ನಿಘಂಟಿನಲ್ಲಿ ಅದು ಸಿಕ್ಕಲಿಲ್ಲ. ಕಾಲೇಜಿನ ಪುಸ್ತಕಭಂಡಾರದ ದೊಡ್ಡ ನಿಘಂಟಿನಲ್ಲಿ ನೋಡಿದರೆ ಆಹಾರದ ಕೊರತೆಯಿಂದ ಮಕ್ಕಳಿಗೆ ಬರುವ ರೋಗವೆಂದಿತ್ತೇ ಹೊರತು, ಪದ ಎಲ್ಲಿಂದ ಬಂದಿತೆಂಬ ವಿವರವಿರಲಿಲ್ಲ. ಅದು ನನಗೆ ತಿಳಿದದ್ದು, ನಾನು ಉಪಾಧ್ಯಾಯನಾಗಿ ನನ್ನ ಮಕ್ಕಳೂ ಶಾಲೆಗೆ ಹೋಗುವ ವಯಸ್ಸಿಗೆ ಬಂದ ಮೇಲೆ.

ಆ ಪದವನ್ನು ವೈದ್ಯಶಾಸ್ತ್ರಕ್ಕೆ ತಂದವರು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ. 1893ರಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿಯೂ ಲಂಡನ್ನಿನಲ್ಲಿಯೂ ಓದಿ, 1929ರಲ್ಲಿ ಆಫ್ರಿಕಾದ ಪಶ್ಚಿಮ ತೀರದ ಗೋಲ್ಡ್ ಕೋಸ್ಟಿಗೆ ಬ್ರಿಟಿಷ್ ಸರ್ಕಾರದ ವೈದ್ಯಳಾಗಿ ಬಂದರು. 1957ರಲ್ಲಿ ಸ್ವತಂತ್ರವಾಗಿ ಘಾನಾ ಎಂದು ಹೆಸರು ಪಡೆದ ನಾಡು ಅದೇ. ಅದರ ರಾಜಧಾನಿ ಅಕ್ರಾದ ಮಕ್ಕಳ ಆಸ್ಪತ್ರೆಗೆ ಒಂದೇ ಬಗೆಯ ಕೂಸುಗಳು ಮತ್ತೆ ಮತ್ತೆ ಬರುವುದನ್ನು ಅವರು ಕಂಡರು. ವಯಸ್ಸು ಒಂದರಿಂದ ನಾಲ್ಕರೊಳಗೆ, ಕೈಕಾಲು ಊದಿರುತ್ತಿದ್ದವು, ಚರ್ಮ ಕಪ್ಪಾಗಿ, ಹಳೆಯ ಬಣ್ಣದಂತೆ ಹಕ್ಕಳೆಯೆದ್ದು ಸುಲಿಯುತ್ತಿತ್ತು, ಕೂದಲು ತನ್ನ ಕಪ್ಪನ್ನು ಕಳೆದುಕೊಂಡಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವು ಮಂಕಾಗಿರುತ್ತಿದ್ದವು. ಚಿಕಿತ್ಸೆ ಸಿಕ್ಕದಿದ್ದರೆ ಸಾಯುತ್ತಿದ್ದವು. ತಾಯಿಯ ಹಾಲು ಬಿಟ್ಟ ಮೇಲೆ ಅವುಗಳ ಊಟವೆಂದರೆ ಹುಳಿಬರಿಸಿದ ಮೆಕ್ಕೆಜೋಳದ ಗಂಜಿ, ಅಷ್ಟೆ.

ಮೆಕ್ಕೆಜೋಳವನ್ನೇ ಉಣ್ಣುವವರಿಗೆ ಪೆಲಾಗ್ರ ಎಂಬ ರೋಗ ಬರುವುದುಂಟು. ಇದೂ ಅದೇ ಎಂದು ಪ್ರಸಿದ್ಧ ತಜ್ಞರು ಸಾಧಿಸಿದರು. ವಿಲಿಯಮ್ಸ್ ಒಪ್ಪಲಿಲ್ಲ. ಪೆಲಾಗ್ರದ ಗಾಯಗಳು ಬಿಸಿಲು ಬೀಳುವ ಭಾಗದಲ್ಲಿ ಏಳುತ್ತವೆ, ಈ ಮಕ್ಕಳದು ಹಾಗಲ್ಲ ಎಂದು ಎತ್ತಿ ತೋರಿಸಿದರು. 1933ರಲ್ಲಿ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದರು. 1935ರಲ್ಲಿ ಲಂಡನ್ನಿನ 'ಲಾನ್ಸೆಟ್' ಪತ್ರಿಕೆಯಲ್ಲಿ ಬರೆದಾಗ, ಅಕ್ರಾದ ತಾಯಂದಿರು ತಮ್ಮ ಗಾ ಭಾಷೆಯಲ್ಲಿ ಆ ರೋಗವನ್ನು ಏನೆಂದು ಕರೆಯುತ್ತಿದ್ದರೋ ಅದನ್ನೇ ಅದಕ್ಕೆ ಹೆಸರಾಗಿಟ್ಟರು. ಆ ಹೆಸರಿನ ಅರ್ಥ ಇದು: ಮುಂದಿನ ಮಗು ಹುಟ್ಟಿದಾಗ, ಸ್ಥಾನ ಕಳೆದುಕೊಂಡ ಮಗುವಿಗೆ ಬರುವ ಬೇನೆ.

ಈ ಸಾಲನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಎದ್ದುಹೋದೆ. ಮುಂದಿನ ಮಗು ಎಂದರೆ ನಮ್ಮ ಮನೆಯಲ್ಲಿ ನಾನು.

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆದವನಾದ ನನಗೆ ಆ ಹೆಸರಿನ ವಿಷಯವಾಗಿ ಎರಡು ಮಾತು ಹೇಳಬೇಕೆನಿಸುತ್ತದೆ. ಲಕ್ಷಣದಿಂದ ರೋಗಕ್ಕೆ ಹೆಸರು ಬರುವುದು ವಾಡಿಕೆ: ಕೆಮ್ಮು, ಉಬ್ಬಸ, ಬೇಧಿ ಎಲ್ಲವೂ ಹಾಗೆ ಬಂದವು. ಮಗು ಕಾರಣವಿಲ್ಲದೆ ಸೊರಗಿದರೆ ನಮ್ಮ ಹಿರಿಯರು ಬಾಲಗ್ರಹವೆಂದರು, ಇಲ್ಲವೆ ದೃಷ್ಟಿ ತಾಕಿತೆಂದರು. ಎಂದರೆ ಮಗುವನ್ನು ಹಿಡಿಯುವ ಗ್ರಹದ ಮೇಲೆಯೋ ನೆರೆಮನೆಯವಳ ಕಣ್ಣಿನ ಮೇಲೆಯೋ ಹೊರೆ ಹಾಕಿದರು. ನನ್ನ ಅಣ್ಣನಿಗೂ ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಅಕ್ರಾದ ಹೆಂಗಸರು ಬೇರೆ ಮಾಡಿದರು. ಮನೆಯೊಳಗೆ, ತಾಯಿಯ ತೊಡೆಯ ಮೇಲೆ, ಯಾರ ಜಾಗದಲ್ಲಿ ಯಾರು ಬಂದರು ಎಂಬುದನ್ನು ನೋಡಿ ಹೆಸರಿಟ್ಟರು. ಅದರಲ್ಲಿ ನಿಂದೆಯಿಲ್ಲ. ಚಿಕ್ಕದು ತಪ್ಪು ಮಾಡಿತೆಂದು ಅದು ಹೇಳುವುದಿಲ್ಲ. ತಾಯಿ ಅಲಕ್ಷ್ಯ ಮಾಡಿದಳೆಂದೂ ಹೇಳುವುದಿಲ್ಲ. ದೊಡ್ಡದು ಎಲ್ಲಿಂದ ಇಳಿಯಿತೆಂಬುದನ್ನು ಮಾತ್ರ ಹೇಳುತ್ತದೆ. ತಜ್ಞರು ತಮ್ಮತಮ್ಮಲ್ಲಿ ವಾದಿಸುತ್ತಿದ್ದ ಕಾಲದಲ್ಲಿ, ತಾಯಂದಿರನ್ನು ಕೇಳಬೇಕೆಂದು ತೋರಿದ್ದು ಆ ವೈದ್ಯೆಯ ಹಿರಿಮೆ. ಮುಂದೆ 1936ರಲ್ಲಿ ಅವರನ್ನು ಮಲಯಾಕ್ಕೆ ವರ್ಗಮಾಡಿದರು. ಅಲ್ಲಿ ಸಕ್ಕರೆ ಬೆರೆತ ಡಬ್ಬಿಯ ಹಾಲನ್ನು ಹಸುಗೂಸುಗಳಿಗೆ ತಕ್ಕುದೆಂದು ಮಾರುತ್ತಿದ್ದುದನ್ನು ಕಂಡು ಕೆರಳಿ, 1939ರಲ್ಲಿ ಸಿಂಗಪುರದ ರೋಟರಿ ಸಂಘದಲ್ಲಿ ಭಾಷಣ ಮಾಡಿದರು. ಅದರ ಶೀರ್ಷಿಕೆಯೇ 'ಹಾಲು ಮತ್ತು ಕೊಲೆ'. ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿ ಬಳಲಿ ಬದುಕಿ ಬಂದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗಕ್ಕೆ ಮೊದಲ ಮುಖ್ಯಸ್ಥೆಯಾದರು. ತೀರಿಕೊಂಡದ್ದು 1992ರಲ್ಲಿ. ಅವರ ಬದುಕೇ ಬೇರೊಂದು ಲೇಖನಕ್ಕೆ ವಸ್ತು. ಇಲ್ಲಿ ನಾನು ಮಗುವಿನ ಕಡೆಗೆ ಹಿಂದಿರುಗಬೇಕು.

ಎರಡನೆಯ ವರ್ಷದಲ್ಲಿರುವ ಮಗುವಿಗೆ ತಾಯಿಯ ಹಾಲೇ ಸಾಲದು. ಆದರೆ ಬಡವರ ಮನೆಯಲ್ಲಿ ಅದರ ಊಟದಲ್ಲಿರುವ ಒಳ್ಳೆಯ ಸಸಾರಜನಕವೆಂದರೆ ಅದೊಂದೇ. ತಾಯಿ ಮತ್ತೆ ಬಸುರಾದಳೆಂದರೆ ಹಾಲು ಬಿಡಿಸುತ್ತಾರೆ. ಬಸುರಿಯ ಹಾಲು ಮಗುವಿಗೆ ಆಗದೆಂಬ ನಂಬಿಕೆ ನಮ್ಮಲ್ಲಿಯೂ ಇತ್ತು. ಆಮೇಲೆ ಮಗುವಿಗೆ ಸಿಕ್ಕುವುದು ದೊಡ್ಡವರ ಊಟದಲ್ಲಿ ಒಂದು ತುತ್ತು, ಇಲ್ಲವೆ ನೀರಾದ ಗಂಜಿ. ಎಳೆಯ ಹೊಟ್ಟೆ ಚಿಕ್ಕದು; ಅಂಬಲಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು; ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅದೇ ಸಮಯಕ್ಕೆ ಮಗು ತೊಡೆಯಿಂದಿಳಿದು ಅಂಗಳದ ಮಣ್ಣಿಗೆ ಬಂದಿರುತ್ತದೆ. ಮಣ್ಣಿನಲ್ಲಿರುವುದೆಲ್ಲ ಬಾಯಿಗೆ ಹೋಗುತ್ತದೆ. ಬೇಧಿ ಹಿಡಿಯುತ್ತದೆ, ಜ್ವರ ಬರುತ್ತದೆ. ಪ್ರತಿಯೊಂದು ಕಾಯಿಲೆಯೂ ಮೈಯಲ್ಲಿ ಕೂಡಿಟ್ಟಿದ್ದುದನ್ನು ಒಂದಿಷ್ಟು ತಿಂದುಹೋಗುತ್ತದೆ. ಹಾಲಿನ ಜೊತೆಯಲ್ಲಿ ತಾಯಿಯ ಸಮಯವೂ ಕೈಬಿಡುತ್ತದೆ. ಮಗುವಿಗೆ ತುತ್ತಿಡುವುದೆಂದರೆ ಅರ್ಧ ಗಂಟೆಯ ಕೆಲಸ. ಚಂದ್ರನನ್ನು ತೋರಿಸಬೇಕು, ಕಾಗೆಯನ್ನು ಕರೆಯಬೇಕು. ಬಾಣಂತಿತನ ಮುಗಿಯುತ್ತಲೇ ಕಳೆ ಕೀಳಲು ಹೋದವಳಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು?

ಹೀಗೆ ಕೊರತೆಬಿದ್ದ ಮಕ್ಕಳಲ್ಲಿ ಹಲವು ಒಣಗುತ್ತವೆ. ಕೆಲವು ಊದುತ್ತವೆ. ಊದುವುದೇ ಹೆಚ್ಚು ಮೋಸದ ಬಗೆ. ಯಕೃತ್ತು ಕೊಬ್ಬಿನಿಂದ ಹಿಗ್ಗುತ್ತದೆ. ರಕ್ತದಲ್ಲಿರಬೇಕಾದ ನೀರು ಹೊರಕ್ಕೆ ಜಿನುಗಿ ಚರ್ಮದ ಕೆಳಗೆ ನಿಲ್ಲುತ್ತದೆ. ಸೊರಗಿದ ಮಾಂಸದ ಮೇಲೆ ಆ ನೀರಿನ ಹೊದಿಕೆ. ಜಮೈಕಾದಲ್ಲಿ ಅಂಥ ಕೂಸುಗಳನ್ನು ಸಕ್ಕರೆಯ ಮಗು ಎಂದು ಕರೆಯುವುದಿತ್ತಂತೆ, ಅಷ್ಟು ಗುಂಡುಗುಂಡಾಗಿ ಕಾಣುವುದರಿಂದ. ತಾಯಿಗೆ ಮಾತ್ರವೇ ಈ ಮೋಸವೆನ್ನಬೇಡಿ, ತಕ್ಕಡಿಗೂ ಮೋಸ. ನೀರು ತೂಗುತ್ತದೆ, ಮಗುವಿನ ತೂಕ ಸರಿಯಿದೆಯೆಂದು ಮುಳ್ಳು ಹೇಳುತ್ತದೆ. ಅದಕ್ಕಾಗಿಯೇ ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟು ನೋಡಬೇಕೆಂದು ವೈದ್ಯರು ಕಲಿಸುತ್ತಾರೆ. ಗುಣಿ ಉಳಿದರೆ ತೂಕ ಎಷ್ಟಿದ್ದರೂ ಮಗು ಅಪಾಯದಲ್ಲಿದೆಯೆಂದು ಲೆಕ್ಕ. ಈ ಪರೀಕ್ಷೆಯನ್ನು ನನ್ನ ತಾಯಿ ತಾನಾಗಿಯೇ ಮಾಡಿದ್ದಳು. ಗುಣಿಯನ್ನೂ ಕಂಡಿದ್ದಳು. ಅದು ಏನನ್ನು ಹೇಳುತ್ತದೆಂಬುದನ್ನು ಅವಳಿಗೆ ಹೇಳುವವರು ನಮ್ಮ ಹೋಬಳಿಯಲ್ಲಿ ಯಾರೂ ಇರಲಿಲ್ಲ.

ಹೋಬಳಿಯಲ್ಲಿ ಇರಲಿಲ್ಲ, ಆದರೆ ಬಹುದೂರದಲ್ಲಿಯೂ ಇರಲಿಲ್ಲ. ನಾನು ಅಂಬೆಗಾಲಿಡುತ್ತಿದ್ದ 1950ರ ಅಕ್ಟೋಬರಿನಲ್ಲಿ, ನಮ್ಮೂರಿಗೆ ಮೂವತ್ತು ಮೈಲಿಯಾಚೆ ಮೈಸೂರಿನ ಚೆಲುವಾಂಬ ವಿಲಾಸ ಭವನದಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ತೆರೆಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಹುರಿದ ಕಡಲೆಯ ಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಬೆರೆಸಿ, ಬಡಮಕ್ಕಳಿಗೆಂದು ಒಂದು ಪುಷ್ಟಿಯ ಆಹಾರವನ್ನು ಮಾಡಿದರು. ಅದೇ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದಲ್ಲಿ ಡಾಕ್ಟರ್ ಗೋಪಾಲನ್ ಮತ್ತು ಅವರ ಸಂಗಡಿಗರು ಹಾಲಿನ ಬದಲು ಬೇಳೆಕಾಳುಗಳ ಸಸಾರಜನಕವನ್ನೇ ಉಣಿಸಿ ಊದಿದ ಮಕ್ಕಳಿಗೆ ಚಿಕಿತ್ಸೆ ಮಾಡುವ ಪ್ರಯೋಗಗಳನ್ನು ನಡೆಸಿ, 1956ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಇದನ್ನು ಓದಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಹೊಲದಲ್ಲಿ ಬೆಳೆಯುತ್ತಿದ್ದುದೇ ಕಡಲೆಕಾಯಿ! ಅದು ಮೂಟೆಯಾಗಿ ಎಣ್ಣೆಯ ಮಿಲ್ಲಿಗೆ ಹೋಗುತ್ತಿತ್ತು. ಕಂದಾಯಕ್ಕೂ ಸಾಲದ ಬಡ್ಡಿಗೂ ಅದರಿಂದಲೇ ಹಣ. ಕಡಲೆಕಾಯಿ ಪಿತ್ತವೆಂದು ಚಿಕ್ಕ ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಹಿಂಡಿಯನ್ನು ಮಾತ್ರ ಮನೆಗೆ ತಂದು ಉಳುವ ಎತ್ತಿಗೆ ಹಾಕುತ್ತಿದ್ದರು. ಎತ್ತು ಪುಷ್ಟವಾಗಿತ್ತೆಂದು ನನ್ನ ತಂದೆ ಹೇಳುತ್ತಿದ್ದರು.

ಇಷ್ಟು ಓದಿದ ವಾಚಕರು ಈ ಕಥೆ ಇಲ್ಲಿಗೆ ಮುಗಿಯಿತೆಂದು, ಸಸಾರಜನಕ ಕೊಟ್ಟರೆ ರೋಗವಿಲ್ಲವೆಂದು ಭಾವಿಸಬಹುದು. ಲೋಕವೂ ಹಾಗೆಯೇ ಭಾವಿಸಿತ್ತು. 1952ರಲ್ಲಿ ಬ್ರಾಕ್ ಮತ್ತು ಆಟ್ರೆ ಎಂಬಿಬ್ಬರು ಆಫ್ರಿಕಾದ ಕ್ವಾಶಿಯೋರ್ಕರ್ ಕುರಿತು ವರದಿ ಬರೆದ ಮೇಲೆ ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಸಸಾರಜನಕದ ಹಿಂದೆ ಬಿದ್ದವು. 1955ರಲ್ಲಿ ಅದಕ್ಕೆಂದೇ ಸಲಹಾ ಮಂಡಲಿ ಏರ್ಪಟ್ಟಿತು. 1968ರಲ್ಲಿ ವಿಶ್ವಸಂಸ್ಥೆ ಸಸಾರಜನಕದ ಮಹಾಕ್ಷಾಮವೊಂದು ಬರಲಿದೆಯೆಂದು ಎಚ್ಚರಿಕೆ ಕೊಟ್ಟಿತು. ಅದೇ 1968ರಲ್ಲಿ ಗೋಪಾಲನ್ ಅವರು ಬೇರೊಂದು ಮಾತು ಹೇಳಿದರು: ಊದಿದ ಮಗುವಿನ ಊಟಕ್ಕೂ ಒಣಗಿದ ಮಗುವಿನ ಊಟಕ್ಕೂ ನೋಡಿದರೆ ವ್ಯತ್ಯಾಸವೇ ಕಾಣದು, ಒಂದೇ ಬಗೆಯ ಕೊರತೆಯಲ್ಲಿ ಒಂದು ಮಗು ಹೇಗೋ ಹೊಂದಿಕೊಂಡು ಒಣಗುತ್ತದೆ, ಇನ್ನೊಂದು ಹೊಂದಿಕೊಳ್ಳಲಾರದೆ ಊದುತ್ತದೆ. 1974ರಲ್ಲಿ ಮ್ಯಾಕ್‌ಲಾರೆನ್ ಎಂಬ ವೈದ್ಯರು ಈ ಸಸಾರಜನಕದ ಸಂಭ್ರಮವೆಲ್ಲ ಒಂದು ಮಹಾ ಎಡವಟ್ಟೆಂದು 'ಲಾನ್ಸೆಟ್'ನಲ್ಲಿಯೇ ಬರೆದುಬಿಟ್ಟರು. ಬೇಕಾದದ್ದು ಒಟ್ಟಿನಲ್ಲಿ ಹೆಚ್ಚು ಅನ್ನ. ಸಸಾರಜನಕವೊಂದನ್ನೇ ಹಿಡಿದು ಹೋದರೆ ಹಾದಿ ತಪ್ಪುತ್ತದೆ ಎಂಬುದು ಅವರ ವಾದ.

ಆಮೇಲೆ ಮಲಾವಿ ದೇಶದ ಅವಳಿಗಳ ಸಂಗತಿ ಬಂತು. ಒಂದೇ ಮನೆ, ಒಂದೇ ತಾಯಿ, ಒಂದೇ ಗಂಜಿ. ಅಂಥ 317 ಅವಳಿ ಜೋಡಿಗಳನ್ನು ಮೂರು ವರ್ಷದ ವಯಸ್ಸಿನವರೆಗೆ ಗಮನಿಸಿದರು. ಎಷ್ಟೋ ಜೋಡಿಗಳಲ್ಲಿ ಒಂದು ಕೂಸು ಕಾಯಿಲೆ ಬಿತ್ತು, ಇನ್ನೊಂದು ನೆಟ್ಟಗಿತ್ತು. 2013ರಲ್ಲಿ ಪ್ರಕಟವಾದ ಆ ವರದಿ, ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಕಡೆಗೆ ಬೆರಳು ತೋರಿಸಿತು. ಹಾಗಿದ್ದರೂ ಕೆಲವು ಮಕ್ಕಳು ಮಾತ್ರವೇ ಏಕೆ ಊದುತ್ತಾರೆಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ಇನ್ನೂ ಸಿಕ್ಕಿಲ್ಲ. ಸಿಸಿಲಿ ವಿಲಿಯಮ್ಸರ ಮೊದಲ ಲೇಖನಕ್ಕೆ ತೊಂಬತ್ತು ವರ್ಷ ಮೀರಿತು. ಅಕ್ರಾದ ಹೆಂಗಸರ ಆ ಹಳೆಯ ಹೆಸರು ಮಾತ್ರ ಯಾವ ಸಿದ್ಧಾಂತ ಬಂದರೂ ಕೆಡಲಿಲ್ಲ. ಅನ್ನವೆನ್ನಿ, ಮಣ್ಣೆನ್ನಿ, ಸೋಂಕೆನ್ನಿ, ಎಲ್ಲವೂ ತೊಡೆಯಿಂದಿಳಿದ ಮಗುವಿಗೇ ಒಟ್ಟಾಗಿ ಬರುತ್ತವೆ.

ಸೋಂಕಿನ ವಿಷಯದಲ್ಲಿ ನನ್ನ ತಾಯಿಯ ಸಾಕ್ಷಿಯೂ ಇದೆ. ಅಣ್ಣನಿಗೆ ಮೊದಲು ದಡಾರವಾಗಿತ್ತು. ದಡಾರ ಇಳಿಯಿತು, ಬೇಧಿ ನಿಲ್ಲಲಿಲ್ಲ. ಬೇಧಿ ನಿಂತಿತೆನ್ನುವಾಗ ಊತ ಕಾಣಿಸಿತು. ಸ್ಕ್ರಿಮ್‌ಷಾ, ಟೇಲರ್, ಗಾರ್ಡನ್ ಎಂಬ ಮೂವರು ವಿದ್ವಾಂಸರು 1968ರಲ್ಲಿ ಬರೆದ ಗ್ರಂಥದ ಸಾರ ಇದೇ: ಉಣ್ಣದ ಮಗುವಿಗೆ ಸೋಂಕು ಬಲವಾಗಿ ಹತ್ತುತ್ತದೆ, ಸೋಂಕು ಹತ್ತಿದ ಮಗು ಉಣ್ಣಲಾರದು, ಎರಡೂ ಕೂಡಿದರೆ ಅವುಗಳ ಮೊತ್ತಕ್ಕಿಂತ ಕೇಡು ಹೆಚ್ಚು. ಪೇಟೆಯ ಮಗುವಿಗೆ ವಾರದ ಜ್ವರವಾಗಿ ಹೋಗುವ ದಡಾರ, ಬಡವರ ಹಟ್ಟಿಯಲ್ಲಿ ಕೊಲ್ಲುವುದು ಈ ಕಾರಣದಿಂದ. ಅದಕ್ಕೆ ಲಸಿಕೆ ಬಂದದ್ದು 1963ರಲ್ಲಿ. ನಮ್ಮ ದೇಶದ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮದಲ್ಲಿ ಅದು ಸೇರಿದ್ದು 1985ರಲ್ಲಿ.

ಇನ್ನು ಆ ಎರಡನೆಯ ಮಾತು, ಹಠವಿಲ್ಲದ ಮಗುವೆಂಬುದು. ಈ ರೋಗವನ್ನು ಕಂಡ ವೈದ್ಯರೆಲ್ಲರೂ ಇದನ್ನು ಬರೆದಿದ್ದಾರೆ. ಮಗು ಕೇಳುವುದಿಲ್ಲ, ಎಳೆಯುವುದಿಲ್ಲ, ಆಟವಾಡುವುದಿಲ್ಲ. ಅಳುವುದಾದರೆ ಒಂದೇ ಸಣ್ಣ ದನಿಯಲ್ಲಿ ಕೊರಗುತ್ತದೆ. ವಿಚಿತ್ರವೆಂದರೆ ಅದಕ್ಕೆ ಹಸಿವೂ ಇರುವುದಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತದೆ. ಎಣ್ಣೆ ಕಡಿಮೆಯಾದ ದೀಪದ ಬತ್ತಿಯನ್ನು ಇಳಿಸುವಂತೆ, ಮೈ ತನ್ನ ಎಲ್ಲ ವೆಚ್ಚಗಳನ್ನೂ ಇಳಿಸಿಕೊಂಡಿರುತ್ತದೆ. ಹಠ ಮಾಡುವುದಕ್ಕೂ ಬಂಡವಾಳ ಬೇಕು. ದೊಡ್ಡವರ ಕಣ್ಣಿಗೆ ಅದು ಸಾಧುಸ್ವಭಾವ.

ಇಂಥ ಮಗುವನ್ನು ಬದುಕಿಸುವುದು ಕನಿಕರದಿಂದ ಮಾತ್ರ ಆಗುವ ಕೆಲಸವಲ್ಲ. ಷೋಫೀಲ್ಡ್ ಮತ್ತು ಆಷ್‌ವರ್ತ್ ಎಂಬಿಬ್ಬರು ಐದು ದಶಕಗಳ ವರದಿಗಳನ್ನು ಶೋಧಿಸಿ 1996ರಲ್ಲಿ ಬರೆದುದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ: ಆಸ್ಪತ್ರೆಗೆ ಸೇರಿದ ಮೇಲೆಯೂ ನೂರಕ್ಕೆ 20ರಿಂದ 30 ಮಕ್ಕಳು ಸಾಯುತ್ತಿದ್ದರು, ಊದಿದವರಲ್ಲಿ ಇನ್ನೂ ಹೆಚ್ಚು. ಅನೇಕ ಕಡೆ ಕೊಂದದ್ದು ಅವಸರ. ಹಸಿದಿದೆಯೆಂದು ಹೊಟ್ಟೆತುಂಬ ಉಣಿಸಿದರೆ, ಸೊರಗಿದೆಯೆಂದು ರಕ್ತನಾಳಕ್ಕೆ ನೀರೇರಿಸಿದರೆ, ರಕ್ತಹೀನವೆಂದು ಮೊದಲ ದಿನವೇ ಕಬ್ಬಿಣದ ಔಷಧ ಕೊಟ್ಟರೆ, ಕುಗ್ಗಿಹೋದ ಮೈ ಅದನ್ನು ತಾಳಲಾರದು. ಕಲಿತವರು ಕಲಿತ ಪಾಠವೆಂದರೆ ನಿಧಾನ. ಮೊದಲು ಮೈಯನ್ನು ಬೆಚ್ಚಗಿಡಬೇಕು. ಜ್ವರ ಕಾಣದಿದ್ದರೂ ಸೋಂಕಿಗೆ ಔಷಧ ಕೊಡಬೇಕು, ಏಕೆಂದರೆ ಜ್ವರ ಬರಿಸುವ ಶಕ್ತಿಯೂ ಆ ಮೈಗೆ ಇರುವುದಿಲ್ಲ. ತೆಳುವಾದ ಹಾಲನ್ನು ಎರಡು ಮೂರು ಗಂಟೆಗೊಮ್ಮೆ, ನಡುರಾತ್ರಿಯಲ್ಲಿಯೂ ಎಬ್ಬಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಹಸಿವು ಮರಳಿದ ಮೇಲೆಯೇ ಗಟ್ಟಿಯ ಆಹಾರ. ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು 1999ರಲ್ಲಿ ಪುಸ್ತಕವಾಗಿ ಹೊರತಂದಿತು. ಅದಕ್ಕೆ ಸ್ವಲ್ಪ ಹಿಂದೆ ಫ್ರಾನ್ಸಿನ ಆಂದ್ರೆ ಬ್ರಿಯಾಂ ಎಂಬ ವೈದ್ಯರು ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳ ಜೊತೆಗೆ ಅರೆದ ಕಡಲೆಕಾಯಿಯನ್ನು ಸೇರಿಸಿ, ನೀರು ಬೇಡದ, ಒಲೆ ಬೇಡದ ಒಂದು ಲೇಹ್ಯವನ್ನು ರೂಪಿಸಿದ್ದರು. ಅದರ 92 ಗ್ರಾಮಿನ ಪೊಟ್ಟಣದಲ್ಲಿ 500 ಕ್ಯಾಲೊರಿ. ತೊಡಕಿಲ್ಲದ ಮಗುವನ್ನು ಆಸ್ಪತ್ರೆಯಲ್ಲಿಡದೆ ಮನೆಯಲ್ಲಿಯೇ ಗುಣಪಡಿಸಲು ಅದರಿಂದ ಸಾಧ್ಯವಾಯಿತು. ಮತ್ತೆ ಕಡಲೆಕಾಯಿ!

ಬದುಕಿದ ಮಗು ಮುಂದೆ ಏನಾಗುತ್ತದೆ? ಇದನ್ನು ಕೇಳಿದವರು ಕಡಿಮೆ. ಕೇಳಿದವರಲ್ಲಿ ಮುಖ್ಯರು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್. ಕೇಳಿದ ಸ್ಥಳ ಸಿಸಿಲಿ ವಿಲಿಯಮ್ಸರು ಹುಟ್ಟಿದ ಜಮೈಕಾವೇ. 1980ರ ದಶಕದಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಎತ್ತರ ಬೆಳೆಯದೆ ಕುಗ್ಗಿದ್ದ 129 ಮಕ್ಕಳನ್ನು ಅವರು ಆರಿಸಿಕೊಂಡರು. ಎಲ್ಲರೂ ಒಂಬತ್ತು ತಿಂಗಳಿಂದ ಎರಡು ವರ್ಷದವರೆಗಿನವರು. ಕೆಲವರಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ಹೋಗಿ ಒಂದು ಗಂಟೆ ಕುಳಿತು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕೆಂದು ತಾಯಿಗೆ ತೋರಿಸುವಳು. ಆಟದ ಸಾಮಾನು ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಮಾಡಿದ್ದು. ಕೆಲವರಿಗೆ ಎರಡೂ. ಕೆಲವರಿಗೆ ಯಾವುದೂ ಇಲ್ಲ. ಹೀಗೆ ಎರಡು ವರ್ಷ ನಡೆಯಿತು. ಎರಡರಿಂದಲೂ ಮಕ್ಕಳ ಬುದ್ಧಿ ಚುರುಕಾಯಿತು; ಎರಡೂ ದೊರೆತವರಲ್ಲಿ ಹೆಚ್ಚು. ಆದರೆ ಅವರು ದೊಡ್ಡವರಾದಂತೆ ಹಾಲಿನ ಪುಡಿಯ ಫಲ ಮಸುಕಾಯಿತು. ಆಟದ ಫಲ ಉಳಿಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರನ್ನು ಮತ್ತೆ ಹುಡುಕಿ ನೋಡಿದಾಗ, ಆಟ ದೊರೆತಿದ್ದವರ ಸಂಪಾದನೆ ಉಳಿದವರದಕ್ಕಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. ಇದು ಪ್ರಕಟವಾದದ್ದು 2014ರಲ್ಲಿ. ಅರ್ಥಶಾಸ್ತ್ರಜ್ಞರಿಗೆ ಸಂಪಾದನೆಯ ಲೆಕ್ಕ ರುಚಿಸಿತು. ನನಗೆ ಕಂಡದ್ದು, ವಾರಕ್ಕೊಂದು ಗಂಟೆ ಮಗುವನ್ನು ಮತ್ತೆ ತೊಡೆಯ ಬಳಿಗೆ ಕರೆದರೆಂಬುದು.

ಊದಿದ ಮಗುವನ್ನು ಇಂದು ನಮ್ಮ ನಾಡಿನಲ್ಲಿ ಕಾಣುವುದು ಅಪರೂಪ. ಇದು ಸಣ್ಣ ಸಾಧನೆಯಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿಯೆಂಬ ಮಾತು ಅಲ್ಲಿಂದ ರಾಜ್ಯದ ಎಲ್ಲ ಹಳ್ಳಿಗಳಿಗೂ ಹೋಯಿತು. ಆದರೆ ಕುಗ್ಗಿದ ಮಗು ಹೋಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಇವರು ಯಾವ ಪತ್ರಿಕೆಯ ಚಿತ್ರದಲ್ಲಿಯೂ ಬರುವುದಿಲ್ಲ. ನನ್ನ ತರಗತಿಗಳಲ್ಲಿ ಅವರನ್ನು ಕಂಡಿದ್ದೇನೆ: ಹಿಂದಿನ ಮಣೆಯಲ್ಲಿ ಕುಳಿತು, ಪ್ರಶ್ನೆ ಕೇಳದೆ, ಗಲಾಟೆ ಮಾಡದೆ ವರ್ಷ ಕಳೆಯುವವರು. ಮೂವತ್ತು ವರ್ಷ ಪಾಠ ಹೇಳಿದ ನಾನು ಅವರಲ್ಲಿ ಎಷ್ಟೋ ಮಂದಿಯ ನಡತೆಯ ಪತ್ರದಲ್ಲಿ 'ಶಾಂತ ಸ್ವಭಾವ' ಎಂದು ಬರೆದಿದ್ದೇನೆ. ನಮ್ಮ ನೆರೆಹೊರೆಯವರು ಅಣ್ಣನಿಗೆ ಕೊಟ್ಟ ಹೊಗಳಿಕೆಯೂ ಅದೇ ಅಲ್ಲವೆ?

ಆ ಪದದ ಅರ್ಥವನ್ನು ಓದಿದ ವರ್ಷ, ಬೇಸಗೆಯಲ್ಲಿ ಊರಿಗೆ ಹೋಗಿದ್ದೆ. ತಾಯಿಗೆ ಆಗ ಅರವತ್ತು ದಾಟಿತ್ತು. ಒಂದು ಸಂಜೆ ಅವಳು ಜಗುಲಿಯ ಮೇಲೆ ಮೊರದಲ್ಲಿ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅಣ್ಣ ಏನು ಉಣ್ಣುತ್ತಿದ್ದ ಎಂದು ಕೇಳಿದೆ. ನಲವತ್ತು ವರ್ಷಗಳ ಮೇಲೆ ಯಾರೋ ಕೇಳಿದರೆಂಬ ಆಶ್ಚರ್ಯವೇನೂ ಅವಳ ಮುಖದಲ್ಲಿ ಕಾಣಲಿಲ್ಲ. ಬೆಳಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆಯ ಚೂರು ಸಾರಿನಲ್ಲಿ ಅದ್ದಿದ್ದು, ಆ ವರ್ಷ ಹಸು ಗಬ್ಬವಾಗಿ ಹಾಲು ಬತ್ತಿತ್ತು, ಎಂದು ಒಂದೊಂದಾಗಿ ಹೇಳಿದಳು. ಅಕ್ರಾದ ಆ ಹೆಸರಿನ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳುವುದು ಹೇಗೆಂದು ಯೋಚಿಸುತ್ತಿರುವಾಗಲೇ ಅವಳು ಕಾಳಿನಿಂದ ಕಣ್ಣೆತ್ತದೆ ಮಾತು ಮುಂದುವರಿಸಿದಳು.

"ನಿನ್ನ ತೊಡೆ ಮೇಲೆ ಹಾಕ್ಕೊಂಡು ಹಾಲು ಕೊಡ್ತಾ ಇದ್ರೆ, ಅವ್ನು ಆ ಕಂಬದ ತಾವಿಂದ ನೋಡ್ತಾ ಕೂತಿರೋನು. ಮೊದಮೊದಲು ಹತ್ರ ಬಂದು ಸೆರಗು ಎಳೆಯೋನು. ಆಮ್ಯಾಕೆ ಬಾ ಮಗಾ ಅಂದ್ರೂ ಬತ್ತಿರ್ಲಿಲ್ಲ."

ನಾನು ಏನನ್ನೂ ಹೇಳಲಿಲ್ಲ. ಅವಳ ಎದುರಿಗೆ ಕುಳಿತು, ಕತ್ತಲಾಗುವವರೆಗೆ ಕಲ್ಲು ಆರಿಸಿದೆ.